ಸ್ಟ್ರೋಕ್ ಆದವರಿಗೆ ಬಿರುಸು ನಡಿಗೆ: ಮನೆಯಲ್ಲಿ ಹನ್ನೆರಡು ವಾರ

ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದೆ. ಕೋಲು ಹಿಡಿದೋ ಹಿಡಿಯದೆಯೋ ಮನೆಯೊಳಗೆ ಓಡಾಡುತ್ತಾರೆ. ಫಿಸಿಯೋ ಬರುವುದು ನಿಂತಿದೆ. ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಟಿವಿ ನೋಡುತ್ತಾ ರಬ್ಬರ್ ಚೆಂಡು ಅಮುಕುತ್ತಾರೆ, ಸಂಜೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕುತ್ತಾರೆ. ಆದರೂ ನಡಿಗೆ ಇದ್ದಲ್ಲೇ ಇದೆ. ಈ ಲೇಖನ ಅಂಥವರಿಗೆ ಮತ್ತು ಅವರ ಪಕ್ಕದಲ್ಲಿ ನಿಲ್ಲುವ ಮನೆಯವರಿಗೆ.

ನಡಿಗೆ ನಿಂತಲ್ಲೇ ನಿಲ್ಲುವುದಕ್ಕೆ ಕಾಲಿನ ದೌರ್ಬಲ್ಯ ಒಂದೇ ಕಾರಣವಲ್ಲ. ಸ್ಟ್ರೋಕ್ ಆದವರ ಹೃದಯ-ಶ್ವಾಸಕೋಶದ ತಾಕತ್ತು ಅದೇ ವಯಸ್ಸಿನ ಉಳಿದವರದ್ದಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಒಂದು ಕಾಲು ಎಳೆದುಕೊಂಡು ನಡೆಯಲು ಬೇಕಾಗುವ ಶಕ್ತಿ ಮಾತ್ರ ಮಾಮೂಲಿ ನಡಿಗೆಗಿಂತ ಹೆಚ್ಚು. ಸಂಬಳ ಅರ್ಧವಾಗಿ ಬಾಡಿಗೆ ಏರಿದ ಮನೆಯ ಸ್ಥಿತಿ ಅದು. ಬಾತ್‌ರೂಮಿಗೆ ಹೋಗಿಬಂದರೂ ಸುಸ್ತಾಗುತ್ತದೆ. ಎಣ್ಣೆ ತಿಕ್ಕಿದರೆ ಹಿತವಾಗಿರುತ್ತದೆ, ಬೇಡವೆನ್ನುವುದಿಲ್ಲ. ಆದರೆ ಅದರಿಂದ ಎದೆಬಡಿತ ಏರುವುದಿಲ್ಲ. ಬಡಿತ ಏರದೆ ಆ ತಾಕತ್ತು ಮರಳಿ ಬರುವುದಿಲ್ಲ.

ಅಮೆರಿಕದ ಮೂರು ಕೇಂದ್ರಗಳು ಸೇರಿ ನಡೆಸಿದ ಒಂದು ಅಧ್ಯಯನ 2023ರಲ್ಲಿ ಜಾಮಾ ನ್ಯೂರಾಲಜಿ ಪತ್ರಿಕೆಯಲ್ಲಿ ಬಂತು. ಸ್ಟ್ರೋಕ್ ಆಗಿ ಆರು ತಿಂಗಳಿಂದ ಐದು ವರ್ಷವಾಗಿದ್ದ 55 ಜನರನ್ನು ಎರಡು ಗುಂಪು ಮಾಡಿದ್ದರು. ಇಬ್ಬರಿಗೂ ವಾರಕ್ಕೆ 3 ದಿನ, ದಿನಕ್ಕೆ 45 ನಿಮಿಷ, 12 ವಾರ ನಡಿಗೆ. ಒಂದು ಗುಂಪು ಒಂದೇ ಹದದಲ್ಲಿ ನಡೆಯಿತು. ಇನ್ನೊಂದು ಗುಂಪು 30 ಸೆಕೆಂಡು ಆದಷ್ಟೂ ಬಿರುಸಾಗಿ ನಡೆದು, 30ರಿಂದ 60 ಸೆಕೆಂಡು ನಿಂತು, ಮತ್ತೆ ಬಿರುಸಾಗಿ ನಡೆಯಿತು. ಕೊನೆಯಲ್ಲಿ ಆರು ನಿಮಿಷದಲ್ಲಿ ಕ್ರಮಿಸುವ ದೂರ ಹದದ ಗುಂಪಿಗೆ ಸರಾಸರಿ 27 ಮೀಟರ್ ಹೆಚ್ಚಿತ್ತು, ಬಿರುಸಿನ ಗುಂಪಿಗೆ 71 ಮೀಟರ್. ನಾಲ್ಕನೇ ವಾರದಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸವಿರಲಿಲ್ಲ. ತಿಂಗಳಿಗೇ "ಏನೂ ಆಗಲಿಲ್ಲ" ಎಂದು ಬಿಡುವವರು ಇದನ್ನು ಗಮನಿಸಬೇಕು.

ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಸ್ಟ್ರೋಕ್ ಆದ 24 ಗಂಟೆಯೊಳಗೆ ಪದೇ ಪದೇ ಎಬ್ಬಿಸಿ ಓಡಾಡಿಸಿದವರ ಚೇತರಿಕೆ, ಮಾಮೂಲಿ ಆರೈಕೆ ಪಡೆದವರಿಗಿಂತ ಹಿಂದೆ ಬಿದ್ದದ್ದು 2015ರಲ್ಲಿ ಪ್ರಕಟವಾದ ಎವರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಇಲ್ಲಿರುವ ಕ್ರಮ ಆರು ತಿಂಗಳು ದಾಟಿ, ಬಿ.ಪಿ. ಹತೋಟಿಯಲ್ಲಿದ್ದು, ಸ್ವಂತವಾಗಿಯೋ ಒಬ್ಬರ ಬೆರಳಾಸರೆಯಲ್ಲೋ ಹತ್ತು ಮೀಟರ್ ನಡೆಯಬಲ್ಲವರಿಗೆ.

ಮೊದಲು ಡಾಕ್ಟರ ಬಳಿ

ಸ್ಟ್ರೋಕ್ ಆದವರಲ್ಲಿ ಎಷ್ಟೋ ಜನಕ್ಕೆ ಹೃದಯದ ರಕ್ತನಾಳವೂ ಕಟ್ಟಿಕೊಂಡಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಅದಕ್ಕೇ ಇ.ಸಿ.ಜಿ., ಎಕೋ (ಹೃದಯದ ಸ್ಕ್ಯಾನ್), ಸಾಧ್ಯವಿದ್ದರೆ ಟಿ.ಎಂ.ಟಿ. (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಆಗಬೇಕು. ಟಿ.ಎಂ.ಟಿ.ಯಲ್ಲಿ ಒಂದು ತೊಡಕಿದೆ. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮ ಗಂಟೆಗೆ 2.7 ಕಿ.ಮೀ. ವೇಗ ಮತ್ತು 10 ಶೇಕಡಾ ಏರಿನಿಂದ ಶುರುವಾಗುತ್ತದೆ. ಒಂದು ಕಡೆ ಬಲವಿಲ್ಲದವರು ಮೊದಲ ನಿಮಿಷಕ್ಕೇ ಕಾಲು ಸೋತು ಇಳಿದುಬಿಡುತ್ತಾರೆ, ಹೃದಯದ ಪರೀಕ್ಷೆ ಆಗಿಯೇ ಇರುವುದಿಲ್ಲ. "ನಿಧಾನದ ವೇಗದಲ್ಲಿ, ಏರು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಮಾಡಿ" ಎಂದು ಮೊದಲೇ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ; ಅಂಥ ಕಡೆ ಒಮ್ಮೆ ತೋರಿಸಿ ಗುರಿಯ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದರೆ ಊರಿನ ಫಿಸಿಯೋ ಮುಂದುವರಿಸಬಹುದು.

ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಹೃದಯದ ಕವಾಟ ತೀರಾ ಕಿರಿದಾದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು ಡಾಕ್ಟರು ಒಪ್ಪುವ ತನಕ ಇದಕ್ಕೆ ಕೈ ಹಾಕಬಾರದು.

ಡಾಕ್ಟರಿಗೆ ಮಾತ್ರೆಗಳ ಪಟ್ಟಿ ತೋರಿಸಿ. ಬಿ.ಪಿ.ಗೋ ಹೃದಯಕ್ಕೋ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್, ಕಾರ್ವೆಡಿಲಾಲ್ ಇದ್ದರೆ ಎದೆಬಡಿತ ಒಂದು ಮಟ್ಟಕ್ಕಿಂತ ಏರುವುದಿಲ್ಲ. ಶುಗರ್ ಮಾತ್ರೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ನಡಿಗೆಯ ಮಧ್ಯೆ ಶುಗರ್ ಇಳಿದೀತು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬಿದ್ದು ತಲೆಗೆ ಪೆಟ್ಟಾದಾಗ, ಹೊರಗೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಬಿರುಸು ಅಂದರೆ ಎಷ್ಟು?

ಇದನ್ನು ಅಂದಾಜಿಗೆ ಬಿಡಬಾರದು. ಮನೆಯವರು ನೋಡಿ "ಪಾಪ, ಬಹಳ ಕಷ್ಟಪಡ್ತಿದ್ದಾರೆ" ಅನ್ನುವ ಹೊತ್ತಿಗೆ ಪಲ್ಸ್ 92 ಇರಬಹುದು. ನಗುನಗುತ್ತಾ ನಡೆಯುವವರ ಪಲ್ಸ್ 150 ಇರಬಹುದು.

ಲೆಕ್ಕ ಹೀಗೆ. 220ರಿಂದ ವಯಸ್ಸು ಕಳೆಯಿರಿ; ಅದು ಗರಿಷ್ಠ ಬಡಿತ. ಅದರಿಂದ ಕೂತಾಗಿನ ಬಡಿತ ಕಳೆಯಿರಿ. ಬಂದದ್ದರ 60 ಶೇಕಡಾವನ್ನು ಕೂತಾಗಿನ ಬಡಿತಕ್ಕೆ ಕೂಡಿದರೆ ಕೆಳಗಿನ ಗುರಿ, 80 ಶೇಕಡಾ ಕೂಡಿದರೆ ಮೇಲಿನ ಮಿತಿ. 58 ವರ್ಷದವರ ಕೂತಾಗಿನ ಬಡಿತ 76 ಇದ್ದರೆ: 220ರಲ್ಲಿ 58 ಹೋದರೆ 162, ಅದರಲ್ಲಿ 76 ಹೋದರೆ 86. ಗುರಿ 128ರಿಂದ 145.

ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತಗೊಳ್ಳುವವರು 220ರ ಸೂತ್ರ ಬಳಸಿದರೆ ಎಂದೂ ಮುಟ್ಟಲಾಗದ ಅಂಕಿ ಸಿಗುತ್ತದೆ, ಅದನ್ನು ಬೆನ್ನತ್ತಿ ಅಪಾಯ ತಂದುಕೊಳ್ಳುತ್ತಾರೆ. ಅವರಿಗೆ ವಯಸ್ಸನ್ನು 0.7ರಿಂದ ಗುಣಿಸಿ 164ರಿಂದ ಕಳೆಯುವ ಸೂತ್ರವಿದೆ. ಅದೇ 58ರವರಿಗೆ ಗರಿಷ್ಠ 123. ಕೂತಾಗಿನ ಬಡಿತ 66 ಇದ್ದರೆ ಗುರಿ ಸುಮಾರು 100ರಿಂದ 112. ಎರಡು ಲೆಕ್ಕಕ್ಕೂ ಎಷ್ಟು ಅಂತರವಿದೆ ನೋಡಿ. ಟಿ.ಎಂ.ಟಿ.ಯಲ್ಲಿ ನಿಜವಾಗಿ ಮುಟ್ಟಿದ ಬಡಿತ ಗೊತ್ತಿದ್ದರೆ ಯಾವ ಸೂತ್ರವೂ ಬೇಡ, ಅದನ್ನೇ ಹಿಡಿಯಿರಿ.

ಬಡಿತ ಅಳೆಯಲು ಎದೆಗೆ ಕಟ್ಟುವ ಪಟ್ಟಿ ಎಲ್ಲಕ್ಕಿಂತ ನಂಬಿಕಸ್ತ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೈ ಅಲ್ಲಾಡಿದರೆ, ಬೆರಳು ತಣ್ಣಗಿದ್ದರೆ ಸುಳ್ಳು ಹೇಳುತ್ತದೆ; ನಿಂತಾಗ ಮಾತ್ರ, ಬಲವಿರುವ ಕೈಗೇ ಹಾಕಿ. ಬಿ.ಪಿ. ಪಟ್ಟಿಯೂ ಆ ಕೈಗೇ. ಏನೂ ಇಲ್ಲದಿದ್ದರೆ ನಿಂತ ತಕ್ಷಣ ಮಣಿಕಟ್ಟಿನಲ್ಲಿ 10 ಸೆಕೆಂಡು ಎಣಿಸಿ 6ರಿಂದ ಗುಣಿಸಿ. ತಡಮಾಡಿದರೆ ಬಡಿತ ಇಳಿದುಹೋಗಿರುತ್ತದೆ. ಬಡಿತ ತಾಳತಪ್ಪುವ ಕಾಯಿಲೆ ಇರುವವರಿಗೆ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್‌ನವರಿಗೆ, ಯಾವ ಅಂಕಿಯೂ ನೆಚ್ಚಿಕೊಳ್ಳುವಂಥದ್ದಲ್ಲ. ಅವರು ಶ್ರಮದ ಅಂಕವನ್ನೇ ಬಳಸಬೇಕು: ಸುಮ್ಮನೆ ಕೂತದ್ದು 0, ಇನ್ನಾಗದು ಎನ್ನುವುದು 10, ಬಿರುಸು 7 ಅಥವಾ 8. ಆಗ ಒಂದೆರಡು ಪದಕ್ಕಿಂತ ಹೆಚ್ಚು ಮಾತಾಡಲಾಗುವುದಿಲ್ಲ. ಸ್ಟ್ರೋಕ್‌ನಿಂದ ಮಾತೇ ಹೋದವರಿಗೆ ಈ ಮಾತಿನ ಪರೀಕ್ಷೆ ನಡೆಯದು. ಹಸಿರು (ಹಗುರ), ಹಳದಿ (ಬಿರುಸು), ಕೆಂಪು (ಇನ್ನಾಗದು) ಚೌಕ ಬರೆದ ರಟ್ಟನ್ನು ಅವರ ಮುಂದೆ ಹಿಡಿದು, ಬೆರಳಿಟ್ಟು ತೋರಿಸಲು ಹೇಳಿ.

ಜಾಗ, ಬಟ್ಟೆ, ಚಪ್ಪಲಿ

ಹತ್ತು ಮೀಟರ್ ನೇರ ಜಾಗ ಬೇಕು: ಉದ್ದ ಪಡಸಾಲೆ, ಅಪಾರ್ಟ್‌ಮೆಂಟಿನ ಕಾರಿಡಾರ್, ಎದೆಮಟ್ಟದ ಕಟ್ಟೆ ಇರುವ ಟೆರೇಸ್. ಎರಡೂ ತುದಿಯಲ್ಲಿ ತೋಳಿರುವ ಗಟ್ಟಿ ಕುರ್ಚಿ ಇಡಿ. ಕಾಲೊರಸು, ಚಾಪೆ ಎಲ್ಲ ಎತ್ತಿಡಿ. ರಾಯಚೂರು, ಕಲಬುರಗಿ ಕಡೆಯವರು ಮಾರ್ಚ್‌ನಿಂದ ಜೂನ್‌ವರೆಗೆ ಬಿಸಿಲೇರುವ ಮೊದಲೇ ಮುಗಿಸಿಬಿಡಬೇಕು.

ಹವಾಯಿ ಚಪ್ಪಲಿ ಬೇಡವೇ ಬೇಡ. ಬಲವಿಲ್ಲದ ಪಾದ ಅದನ್ನು ಹಿಡಿದುಕೊಳ್ಳಲಾರದು, ಬಿರುಸಿಗೆ ಬಂದಾಗ ಮಡಚಿ ಮುಗ್ಗರಿಸುತ್ತಾರೆ. ಹಿಮ್ಮಡಿಗೆ ಪಟ್ಟಿಯಿರುವ ವೆಲ್ಕ್ರೋ ಸ್ಯಾಂಡಲ್ ಅಥವಾ ಶೂ ಇರಲಿ. ಪಂಚೆ, ನೈಟಿ, ನೆರಿಗೆ ಇಳಿಬಿದ್ದ ಸೀರೆ ಕಾಲಿಗೆ ತೊಡರುತ್ತವೆ. ಪೈಜಾಮವೋ ಚೂಡಿದಾರವೋ ವಾಸಿ. ಪಾದ ಇಳಿಬೀಳುವವರು ಎ.ಎಫ್.ಒ. ಸ್ಪ್ಲಿಂಟ್ (ಪಾದ ಜೋತುಬೀಳದಂತೆ ಹಿಡಿದಿಡುವ ಪಟ್ಟಿ) ಹಾಕಿಕೊಂಡೇ ನಡೆಯಬೇಕು. ಬಿಚ್ಚಿದ ಮೇಲೆ ಪಾದ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಸ್ಪ್ಲಿಂಟ್ ಒತ್ತುತ್ತಿದೆ, ಸರಿಪಡಿಸಬೇಕು. ಶುಗರ್ ಇದ್ದು ಸ್ಪರ್ಶ ಕಡಿಮೆಯಿದ್ದವರಿಗೆ ಅದು ಹುಣ್ಣಾಗುವ ತನಕ ಗೊತ್ತೇ ಆಗುವುದಿಲ್ಲ.

ಜೊತೆಯವರು ಬಲವಿಲ್ಲದ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಬೇಕು. ಸೊಂಟಕ್ಕೆ ಬಕಲ್ ಇರುವ ಅಗಲ ಕ್ಯಾನ್ವಾಸ್ ಬೆಲ್ಟ್ ಕಟ್ಟಿ ಅದರ ಹಿಂಭಾಗ ಹಿಡಿಯಿರಿ. ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ತೋಳು ಹಿಡಿದು ಎಳೆಯಲೇಬೇಡಿ. ಸ್ಟ್ರೋಕ್ ಆದ ಬದಿಯ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ, ಒಂದು ಎಳೆತಕ್ಕೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಕೈ ಜೋತುಬೀಳುವವರಿಗೆ ನಡೆಯುವಷ್ಟು ಹೊತ್ತು ಸ್ಲಿಂಗ್ (ಕುತ್ತಿಗೆಯಿಂದ ಕೈ ಆತುಕೊಳ್ಳುವ ಜೋಳಿಗೆ) ಹಾಕಿ, ಮುಗಿದ ಮೇಲೆ ತೆಗೆಯಿರಿ.

ಪ್ರತಿ ದಿನದ ತಪಾಸಣೆ

ಐದು ನಿಮಿಷ ಕೂತ ಮೇಲೆ ಬಿ.ಪಿ. ನೋಡಿ. ಮೇಲಿನದು 180 ಅಥವಾ ಕೆಳಗಿನದು 110 ದಾಟಿದ್ದರೆ ಅಂದು ಬಿಡಿ, ಡಾಕ್ಟರಿಗೆ ಫೋನ್ ಮಾಡಿ. ಸುಮ್ಮನೆ ಕೂತರೂ ಪಲ್ಸ್ 100ಕ್ಕಿಂತ ಮೇಲಿದ್ದರೆ, ಜ್ವರವಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಬಿಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್‌ನವರು ಶುಗರ್ 100ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ತಿಂದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. 250 ದಾಟಿ ಮೈಗೆ ಹುಷಾರಿಲ್ಲದಿದ್ದರೆ ಬೇಡ. ಹೊಟ್ಟೆ ತುಂಬ ತಿಂದರೆ ಎರಡು ಗಂಟೆ ಬಿಡಬೇಕು. ಮೂತ್ರಕ್ಕೆ ಹೋಗಿಬಂದೇ ಶುರು ಮಾಡಿ. ಅವಸರ ಹುಟ್ಟಿದಾಗಲೇ ಜನ ಬೀಳುವುದು.

ನಡೆಯುವ ಕ್ರಮ

1. ಐದು ನಿಮಿಷ ಮಾಮೂಲಿ ನಡಿಗೆ. ಉಸಿರು ಸ್ವಲ್ಪ ಏರಲಿ, ಅಷ್ಟೆ.

2. ಒಂದು ತುದಿಯಿಂದ ಹೊರಡಿ. ಜೊತೆಯವರು "ಹೊರಡಿ" ಎಂದು ಮೊಬೈಲಿನಲ್ಲಿ 30 ಸೆಕೆಂಡು ಹಾಕಲಿ. ಬೀಳದೆ ಎಷ್ಟು ಬಿರುಸಾಗಿ ಸಾಧ್ಯವೋ ಅಷ್ಟು ಬಿರುಸಾಗಿ ನಡೆಯಿರಿ. ಓಡುವುದು ಬೇಡ.

3. 30 ಸೆಕೆಂಡಿಗೆ ಎಲ್ಲಿ ಮುಟ್ಟಿದಿರೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ದಾಟಬೇಕು. "ಇನ್ನೂ ಜೋರಾಗಿ" ಎಂದು ಕೂಗುವುದಕ್ಕಿಂತ ಈ ಗೆರೆ ಚೆನ್ನಾಗಿ ಕೆಲಸ ಮಾಡುತ್ತದೆ. ಗುರಿ ಕಣ್ಣೆದುರಿಗಿದ್ದರೆ ಕಾಲು ತಾನಾಗಿ ಚುರುಕಾಗುತ್ತದೆ. ಜಾಗ ಸಾಲದೆ ತಿರುಗಿ ಬರಬೇಕಾದರೆ ಎಷ್ಟು ಸಲ ತಿರುಗಿದಿರಿ ಎಂಬುದನ್ನೂ ಗೆರೆಯನ್ನೂ ಬರೆದಿಡಿ.

4. ನಿಲ್ಲಿ. ಕುರ್ಚಿಯ ಬೆನ್ನು ಹಿಡಿದು, ಪಲ್ಸ್ ನೋಡುವಾಗಲೂ ಕಾಲು ಕೊಂಚ ಆಡಿಸುತ್ತಿರಿ.

5. ವಿರಾಮ ಮುಗಿದೊಡನೆ ಮತ್ತೆ ಹೊರಡಿ. ಒಂದು ಬಿರುಸು, ಒಂದು ವಿರಾಮ ಸೇರಿದರೆ ಒಂದು ಸುತ್ತು. ಮೊದಲ ಮೂರು-ನಾಲ್ಕು ಸುತ್ತಿನಲ್ಲಿ ಬಡಿತ ಗುರಿ ಮುಟ್ಟುವುದಿಲ್ಲ; ಹೃದಯ ಕಾಲಿಗಿಂತ ತಡವಾಗಿ ಏರುತ್ತದೆ. ಐದನೇ ಸುತ್ತಿನ ನಂತರದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

6. ಕೊನೆಗೆ ಐದು ನಿಮಿಷ ನಿಧಾನ ನಡಿಗೆ. ಇದನ್ನು ಬಿಟ್ಟು ಧೊಪ್ಪೆಂದು ಕೂತರೆ ರಕ್ತ ಕಾಲಲ್ಲೇ ನಿಂತು ಬಿ.ಪಿ. ಕುಸಿದು ತಲೆ ತಿರುಗುತ್ತದೆ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ಎರಡು ವಾರ ಬಿರುಸೇ ಬೇಡ. ಸೂತ್ರದಲ್ಲಿ 60ರ ಬದಲು 40 ಶೇಕಡಾ ಹಾಕಿ ಬರುವ ಬಡಿತದಲ್ಲಿ 15ರಿಂದ 20 ನಿಮಿಷ ಒಂದೇ ಹದದ ನಡಿಗೆ. ಮೂರು-ನಾಲ್ಕನೇ ವಾರ 30 ಸೆಕೆಂಡು ಬಿರುಸು, 60 ಸೆಕೆಂಡು ವಿರಾಮ, 8 ಸುತ್ತು. ಐದು-ಆರರಲ್ಲಿ ಅದೇ 12 ಸುತ್ತು. ಏಳು-ಎಂಟರಲ್ಲಿ ವಿರಾಮ 45 ಸೆಕೆಂಡಿಗೆ ಇಳಿಸಿ 16 ಸುತ್ತು. ಒಂಬತ್ತರಿಂದ ಹನ್ನೆರಡರವರೆಗೆ ವಿರಾಮ 30 ಸೆಕೆಂಡು, 20 ಸುತ್ತು. ತಾಕತ್ತಿದ್ದವರು ಐದು ನಿಮಿಷ ಕೂತು ಇನ್ನೊಂದು ಕಂತು ಮಾಡಬಹುದು. ಸುತ್ತು, ವಿರಾಮ ಎರಡನ್ನೂ ಬದಲಿಸುವ ವಾರಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ; ಅದು ಒಗ್ಗಿದ ಮೇಲೆ ಇನ್ನೊಂದು. ಅಂದಿನ ದಣಿವು ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಇಳಿದಿಲ್ಲವಾದರೆ ಹಿಂದಿನ ವಾರದ ಲೆಕ್ಕಕ್ಕೆ ಮರಳಿ.

ಎಲ್ಲೆಲ್ಲಿ ಎಡವಟ್ಟಾಗುತ್ತದೆ

ಎಷ್ಟು ಮಾಡಿದರೂ ಪಲ್ಸ್ ಏರುವುದಿಲ್ಲ ಎನ್ನುವುದೇ ಹೆಚ್ಚು ಕೇಳಿಬರುವ ದೂರು. ಕಾಲಿನ ಬಲ ಅಥವಾ ಸಮತೋಲ ಮೊದಲೇ ಸೋಲುವುದರಿಂದ ಹೃದಯಕ್ಕೆ ಕೆಲಸವೇ ಸಿಗುವುದಿಲ್ಲ. ಆಗ ವೇಗಕ್ಕೆ ಹಟ ಹಿಡಿಯದೆ ದಾರಿ ಬದಲಿಸಿ. ಕಂಬಿ ಹಿಡಿದು ಒಂದೇ ಮೆಟ್ಟಿಲನ್ನು 30 ಸೆಕೆಂಡು ಹತ್ತಿ ಇಳಿಯಿರಿ. ಇಳಿಜಾರಿನ ರ‍್ಯಾಂಪ್ ಇದ್ದರೆ ಏರುವಾಗ ಬಿರುಸು, ಇಳಿಯುವಾಗ ವಿರಾಮ. ಅದೂ ಆಗದಿದ್ದರೆ ಕುರ್ಚಿಯಿಂದ ಎದ್ದು ಕೂರುವುದನ್ನೇ 30 ಸೆಕೆಂಡಿನ ಸುತ್ತಾಗಿ ಮಾಡಿ. ಮಾಮೂಲಿ 45 ಸೆಂ.ಮೀ. ಎತ್ತರದ ಕುರ್ಚಿ ಕಷ್ಟವಾದರೆ ಗಟ್ಟಿ ದಿಂಬಿಟ್ಟು 50ಕ್ಕೆ ಏರಿಸಿ. ಎರಡು ಪಾದಕ್ಕೂ ಸಮ ಭಾರ ಬೀಳುತ್ತಿದೆಯೇ ನೋಡಿ, ಇಲ್ಲವಾದರೆ ಒಳ್ಳೆಯ ಕಾಲೇ ಎಲ್ಲ ಕೆಲಸ ಮಾಡಿಬಿಡುತ್ತದೆ. ಮುಂದೆ ಹೋಗದೆ ಇದ್ದಲ್ಲೇ ಇರುವ ವ್ಯಾಯಾಮದ ಸೈಕಲ್ಲಾದರೆ ಬಲವಿಲ್ಲದ ಪಾದವನ್ನು ಕ್ರೇಪ್ ಬ್ಯಾಂಡೇಜಿನಿಂದ ಪೆಡಲಿಗೆ ಸುತ್ತಬಹುದು. ಆದರೆ ಹತ್ತುವಾಗ ಇಳಿಯುವಾಗ ಇನ್ನೊಬ್ಬರು ಹಿಡಿದಿರಲೇಬೇಕು.

ಬೀಳುವುದು ಹೆಚ್ಚಾಗಿ ತಿರುಗುವಾಗ. ತುದಿಗೆ ಬಂದಾಗ ವೇಗ ಇಳಿಸಿ, ಒಂದೇ ಕಾಲ ಮೇಲೆ ಗಿರಕ್ಕನೆ ತಿರುಗದೆ ಸಣ್ಣ ಹೆಜ್ಜೆಯಲ್ಲಿ ಅಗಲವಾಗಿ ಸುತ್ತಿ ಬನ್ನಿ. ಕೊನೆಯ ಸುತ್ತುಗಳಲ್ಲಿ ಬೆರಳ ತುದಿ ನೆಲಕ್ಕೆ ಉಜ್ಜುವ ಸದ್ದು ಶುರುವಾದರೆ ಪಾದ ಎತ್ತುವ ಸ್ನಾಯು ದಣಿದಿದೆ ಎಂದರ್ಥ. ಅಂದಿಗೆ ಅಲ್ಲಿಗೇ ನಿಲ್ಲಿಸಿ. ಮೊಣಕಾಲು ಹಿಂದಕ್ಕೆ ಬಾಗಿ ಟಕ್ಕೆಂದು ಸಿಕ್ಕಿಕೊಳ್ಳುವವರು ಹಾಗೇ ಮುಂದುವರಿಸಿದರೆ ಕೀಲು ಸವೆಯುತ್ತದೆ. ಸ್ಪ್ಲಿಂಟಿನ ಕೋನ ಬದಲಿಸಬೇಕಾಗಬಹುದು, ಫಿಸಿಯೋಗೆ ತೋರಿಸಿ.

ಟ್ರೆಡ್‌ಮಿಲ್ ಇದ್ದವರಿಗೆ ಒಂದು ಮಾತು. ಆಸ್ಪತ್ರೆಗಳಲ್ಲಿ ಚಾವಣಿಗೆ ಕಟ್ಟಿದ ಹಾರ್ನೆಸ್ (ಮೈ ಹಿಡಿದಿಡುವ ಪಟ್ಟಿಗಳ ಕವಚ) ತೊಡಿಸಿ ಇದನ್ನು ಮಾಡಿಸುತ್ತಾರೆ, ಬಿದ್ದರೂ ತೂಗುತ್ತಾರೆ. ಮನೆಯಲ್ಲಿ ಅದಿಲ್ಲ. ಹಾಗಾಗಿ ಮನೆಯ ಟ್ರೆಡ್‌ಮಿಲ್‌ನಲ್ಲಿ ವೇಗದ ಬಿರುಸು ಬೇಡ, ಏರು ಹೆಚ್ಚಿಸಿ. ಕಂಬಿಯ ಮೇಲೆ ಮೈಭಾರ ಹೇರಿದರೆ ಪರದೆಯಲ್ಲಿ ಅಂಕಿ ಏರುತ್ತದೆ, ಪಲ್ಸ್ ಏರುವುದಿಲ್ಲ.

ನುಂಗಲು ತೊಂದರೆ ಇರುವವರಿಗೆ ಏದುಸಿರು ಬಿಡುವಾಗ ನೀರು ಕೊಡಬೇಡಿ. ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದೀತು. ಉಸಿರು ಸರಿಹೋಗಲಿ, ಕೂರಿಸಿ, ಆಮೇಲೆ ಗುಟುಕು ಗುಟುಕಾಗಿ. ಮೈಕೈ ಬಿಗಿತ ಹೆಚ್ಚೀತೆಂಬ ಹೆದರಿಕೆ ಎಲ್ಲರಿಗೂ ಇದೆ. ಬಿರುಸಿನ ಹೊತ್ತಲ್ಲಿ ಕೈ ಮಡಚಿಕೊಂಡರೂ ವಿರಾಮದಲ್ಲಿ ಸಡಿಲಾಗುತ್ತದೆ, ಅದಕ್ಕಾಗಿ ವ್ಯಾಯಾಮ ಬಿಡಬೇಕಾಗಿಲ್ಲ. ದಿನದಿಂದ ದಿನಕ್ಕೆ ಬಿಗಿತ ಏರುತ್ತಿದ್ದರೆ ಮೂತ್ರದ ಸೋಂಕೋ ಒತ್ತುಹುಣ್ಣೋ ಇದೆಯೇ ಹುಡುಕಿ.

ಎದೆನೋವು, ಕಣ್ಣು ಕತ್ತಲೆ, ನಡಿಗೆಯ ನಂತರ ಮೇಲಿನ ಬಿ.ಪಿ. ಮೊದಲಿಗಿಂತ ಇಳಿದಿದ್ದು ಮೈ ಬೆವರಿ ತಣ್ಣಗಾಗುವುದು, ಇವು ಕಂಡರೆ ತಕ್ಷಣ ನಿಲ್ಲಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಹೊಸದಾಗಿ ಕೈಕಾಲು ಸೋತರೆ ಗಡಿಯಾರ ನೋಡಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಸಮಯ. "ಮಲಗಿ ಎದ್ದರೆ ಸರಿಹೋಗುತ್ತೆ" ಎಂದು ಅದನ್ನು ಕಳೆಯಬೇಡಿ.

ಲಾಭ ಆಗಿದೆಯೇ?

ಶುರುವಿನ ದಿನ, ಎಂಟನೇ ವಾರ, ಹನ್ನೆರಡನೇ ವಾರ ಆರು ನಿಮಿಷದ ನಡಿಗೆ ಅಳೆಯಿರಿ. ಅದೇ ಜಾಗ, ಅದೇ ಚಪ್ಪಲಿ, ಅದೇ ಕೋಲು, ಅದೇ ಹೊತ್ತು. ಆಸ್ಪತ್ರೆಯಲ್ಲಿ 30 ಮೀಟರ್ ಕಾರಿಡಾರ್ ಇರುತ್ತದೆ. ಮನೆಯ ಹತ್ತು ಮೀಟರಿನಲ್ಲಿ ತಿರುವು ಹೆಚ್ಚಾಗಿ ದೂರ ಕಡಿಮೆ ಬರುತ್ತದೆ, ಎರಡನ್ನೂ ಹೋಲಿಸಬೇಡಿ. 50 ಮೀಟರ್ ಹೆಚ್ಚಿದ್ದರೆ ಅದು ದಿನದ ಓಡಾಟದಲ್ಲೂ ಗೊತ್ತಾಗುವಷ್ಟು ಲಾಭ. ಹನ್ನೆರಡು ವಾರದ ಮೇಲೆ ಬಿಟ್ಟುಬಿಟ್ಟರೆ ಗಳಿಸಿದ್ದು ಕರಗುತ್ತದೆ; ವಾರಕ್ಕೆ ಎರಡು ದಿನವಾದರೂ ಉಳಿಸಿಕೊಳ್ಳಿ.

ಸ್ಟ್ರೋಕ್ ಅಲ್ಲದ ಬೇರೆ ತೊಂದರೆಗಳಿಗೆ

ಕೈ ನಡುಗಿ, ಮೈ ಬಿಗಿದು, ನಡಿಗೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗೂ ಬಿರುಸು ವ್ಯಾಯಾಮ ಒಗ್ಗುತ್ತದೆ. ಕಾಯಿಲೆ ಹೊಸದಾಗಿ ಪತ್ತೆಯಾದ, ಔಷಧಿ ಇನ್ನೂ ಶುರು ಮಾಡದ 128 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಅಧ್ಯಯನದಲ್ಲಿ, ಗರಿಷ್ಠ ಬಡಿತದ 80ರಿಂದ 85 ಶೇಕಡಾದಲ್ಲಿ ಟ್ರೆಡ್‌ಮಿಲ್ ನಡೆದವರ ಲಕ್ಷಣಗಳು ಆರು ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು, ಮಾಮೂಲಿನಂತೆ ಇದ್ದವರದ್ದು ಹದಗೆಟ್ಟವು. ಪಾರ್ಕಿನ್ಸನ್‌ಗೆ ಲೆವೊಡೋಪ ಮಾತ್ರೆ ತಗೊಳ್ಳುವವರು ಮಾತ್ರೆಯ ಮುಕ್ಕಾಲು ಗಂಟೆ ನಂತರ, ಮೈ ಸಡಿಲಾದ ಮೇಲೆ ಶುರು ಮಾಡಲಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಇಳಿಯುವವರು ನಡಿಗೆ ಬಿಟ್ಟು ಕೂತು ತುಳಿಯುವ ಸೈಕಲ್ ಹಿಡಿಯುವುದು ಕ್ಷೇಮ. ಕಾಲು ನೆಲಕ್ಕೆ ಅಂಟಿದಂತಾಗುವವರಿಗೆ ದಾರಿಗೆ ಅಡ್ಡಲಾಗಿ ಹೆಜ್ಜೆಗೊಂದು ಗೆರೆ ಎಳೆದಿಟ್ಟರೆ ಅನುಕೂಲ.

ಮಿದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮೈ ಬಿಸಿಯಾದರೆ ಕಣ್ಣು ಮಂಜಾಗಿ ಕಾಲು ಸೋಲುವುದುಂಟು. ತಣ್ಣಗಾದ ಮೇಲೆ ಅದು ಹೋಗುತ್ತದೆ, ಕಾಯಿಲೆ ಉಲ್ಬಣಿಸಿದ್ದಲ್ಲ. ಫ್ಯಾನಿನಡಿ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಮಾಡಿ.

ಬೆನ್ನುಹುರಿಗೆ ಎದೆಯ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಲೆಕ್ಕವೇ ಬೇರೆ. ಅವರ ಗರಿಷ್ಠ ಬಡಿತ 110ರಿಂದ 130ಕ್ಕೆ ನಿಂತುಬಿಡಬಹುದು, 220ರ ಸೂತ್ರ ಅಲ್ಲಿ ನಡೆಯದು, ಶ್ರಮದ ಅಂಕವೇ ಗತಿ. ತಲೆ ಸಿಡಿಯುವ ನೋವು, ಮುಖ ಕೆಂಪಾಗಿ ಬೆವರುವುದು, ಬಿ.ಪಿ. ಮಾಮೂಲಿಗಿಂತ 20ರಿಂದ 40 ಏರುವುದು ಕಂಡರೆ ತುರ್ತುಸ್ಥಿತಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಬೆಲ್ಟು-ಬಟ್ಟೆ ಸಡಿಲಿಸಿ, ಮೂತ್ರದ ನಳಿಗೆ ಮಡಚಿದೆಯೇ ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಚಿಕ್ಕಂದಿನಲ್ಲಿ ಪೋಲಿಯೋ ಆಗಿ ನಡುವಯಸ್ಸಿನಲ್ಲಿ ಹೊಸದಾಗಿ ಸುಸ್ತು, ನೋವು ಕಾಣಿಸಿಕೊಂಡವರು ಮತ್ತು ಸ್ನಾಯುಗಳೇ ಕ್ಷಯಿಸುವ ಕಾಯಿಲೆಯವರು ಈ ಕ್ರಮ ಅನುಸರಿಸಬಾರದು. ಅವರಲ್ಲಿ ಅಳಿದುಳಿದ ಸ್ನಾಯುಗಳು ಈಗಾಗಲೇ ಅತಿ ಕೆಲಸದಲ್ಲಿರುತ್ತವೆ, ಬಿರುಸಿಗೆ ಇನ್ನಷ್ಟು ಸೋಲಬಹುದು. ಅವರಿಗೆ ದಣಿವು ಹುಟ್ಟುವ ಮೊದಲೇ ನಿಲ್ಲಿಸುವ, ನಡುನಡುವೆ ವಿಶ್ರಾಂತಿಯಿರುವ ಬೇರೆ ಕ್ರಮವನ್ನು ಫಿಸಿಯೋ ಹಾಕಿಕೊಡಬೇಕು.